ಸತ್ತ ತಂತಿ ಅಂತ ಎಲ್ರಿಗೂ ಗೊತ್ತಿತ್ತು

ಒಂದು ಗಳಿಗೆ ಕೂತ್ಕೊಳ್ಳಿ, ಇದನ್ನ ಪೂರ್ತಿ ಕೇಳಿಸ್ಕೊಳ್ಳಿ. ಅರ್ಧದಲ್ಲೇ "ಅಯ್ಯೋ, ಆಯಮ್ಮ ಹಂಗೆ ಮಾಡಬಾರದಿತ್ತು" ಅಂತ ತೀರ್ಪು ಕೊಟ್ಟು ಎದ್ದು ಹೋಗ್ಬೇಡಿ. ಕೇಳಿದವರೆಲ್ಲ ಅರ್ಧದಲ್ಲೇ ಎದ್ದಿದಾರೆ, ಅದಕ್ಕೇ ಹೇಳಿದ್ದು.

ಗಂಗಾಮಣಿ ಕಾಫಿ ಸೀಮೆಯ ಮಗ್ಗೆ ಹತ್ತಿರದ ಒಂದು ಸಣ್ಣ ಊರಿನ ಸರ್ಕಾರಿ ಶಾಲೇಲಿ ಬಿಸಿಯೂಟ ಮಾಡೋಳು. ಹದಿಮೂರು ವರ್ಷದಿಂದ ಅದೇ ಒಲೆ, ಅದೇ ದೊಡ್ಡ ಪಾತ್ರೆ, ಅದೇ ಉದ್ದನೆ ಸೌಟು. ಊರಿನ ಯಾವ ಮಗು ಸೊಪ್ಪಿನ ಸಾರು ಕಂಡ್ರೆ ಮೂತಿ ತಿರುಗಿಸ್ತದೆ, ಯಾವುದು ಮೊಟ್ಟೆ ಕೊಡೋ ದಿನ ಎರಡು ಸಲ ಸಾಲಲ್ಲಿ ಬಂದು ನಿಲ್ತದೆ, ಎಲ್ಲಾ ಅವಳಿಗೆ ಬಾಯಿಪಾಠ. ಗಂಡ ರಂಗಸ್ವಾಮಿಗೆ ಎರಡು ಎಕರೆ ಕಾಫಿ. ಒಂದು ಕಾಲದಲ್ಲಿ ಮೆಣಸು ಕೊಯ್ಲು ಅಂದ್ರೆ ಸುತ್ತಲ ನಾಲ್ಕು ಎಸ್ಟೇಟಿನೋರೂ ಅವನ್ನೇ ಕರೀತಿದ್ರು. ಒಬ್ಬನೇ ಮಗ ಪ್ರಜ್ವಲ್. ವಯಸ್ಸು ಹದಿನೇಳು ವರ್ಷ, ನಾಲ್ಕು ತಿಂಗಳು. ಈ ನಾಲ್ಕು ತಿಂಗಳು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗ್ತದೆ.

ಸೆಕೆಂಡ್ ಪಿಯು ಪರೀಕ್ಷೆ ಮುಗಿದ ಮಾರನೇ ದಿನವೇ ಹುಡುಗ ತಟ್ಟೆ ಮುಂದೆ ಕೂತು ಹೇಳಿಬಿಟ್ಟ.

"ಅಮ್ಮ, ಆಲ್ಬನ್ ಸಾರ್ ಎಸ್ಟೇಟಲ್ಲಿ ಮೆಣಸು ಕೊಯ್ಯಕ್ಕೆ ಹೋಗ್ತೀನಿ. ಸುನಿಲನೂ ಬರ್ತಾನೆ. ಮೇಸ್ತ್ರಿ ಪ್ರತಾಪಣ್ಣ ಕರೆದವ್ನೆ."

"ಮರ ಹತ್ತೋ ಕೆಲಸ ಕಣೋ ಅದು. ಹುಡುಗಾಟ ಅಲ್ಲ."

"ಅಪ್ಪ ನನ್ನ ವಯಸ್ಸಲ್ಲಿ ಹತ್ತುತಿರಲಿಲ್ವಾ?"

ರಂಗಸ್ವಾಮಿ ಮುದ್ದೆ ನುಂಗ್ತಾ ಮೀಸೇಲೇ ನಕ್ಕ. ಅಲ್ಲಿಗೆ ಮಾತು ಮುಗೀತು.

ಸಂಜೆ ಅಂಗಳದಲ್ಲಿ ಪಾಠ ಶುರು. ಈ ಪಾಠ ಏನು ಅಂತ ಹೇಳ್ಬೇಕು. ಮೆಣಸಿನ ಬಳ್ಳಿ ಹಬ್ಬೋದು ಸಿಲ್ವರ್ ಮರಕ್ಕೆ. ಮರದಿಂದ ಮರಕ್ಕೆ ನಡುವೆ ಕಾಫಿ ಗಿಡ, ಒಂದಕ್ಕೊಂದು ಭುಜ ತಾಗಿಸ್ಕೊಂಡು ನಿಂತಿರ್ತವೆ. ಒಂದು ಮರ ಮುಗಿದ ಮೇಲೆ ಏಣಿ ಮಲಗಿಸಿ ಹೊತ್ಕೊಂಡು ಹೋದ್ರೆ ಗಿಡದ ರೆಕ್ಕೆ, ಅಂದ್ರೆ ಅಡ್ಡಕೊಂಬೆ, ಮುರೀತದೆ. ಅದಕ್ಕೆ ನಮ್ಮ ಕಡೆಯೋರು ಏಣೀನ ಮಲಗಿಸೋದೇ ಇಲ್ಲ. ಬುಡ ಎತ್ತಿ, ನಿಂತ ಏಣೀನ ನಿಂತಂಗೇ ನಡೆಸ್ಕೊಂಡು ಇನ್ನೊಂದು ಮರಕ್ಕೆ ಒರಗಿಸ್ತಾರೆ. ಮೊದಲು ಬಿದಿರಿನ ಏಣಿ ಇತ್ತು, ಹೊರೋಕೆ ಹೆಣದಷ್ಟು ಭಾರ. ಈಗ ಅಲ್ಯೂಮಿನಿಯಂ ಬಂದೈತೆ, ಇಪ್ಪತ್ತೈದು ಅಡಿ ಇದ್ರೂ ಇಬ್ಬರು ಹುಡುಗರು ಸಲೀಸಾಗಿ ನಡೆಸ್ತಾರೆ.

ರಂಗಸ್ವಾಮಿ ಅಂಗಳದ ತುಂಬ ಬಕೆಟ್ಟು, ಕೊಡಪಾನ, ಕೋಳಿ ಮುಚ್ಚೋ ಪಂಜರ ಎಲ್ಲಾ ಜೋಡಿಸಿ, ಅವು ಕಾಫಿ ಗಿಡ ಅಂತ ಅಂದ್ಕೊಳ್ಳೋ ಅಂದ. ಪ್ರಜ್ವಲನ ಕೈಗೆ ಹಳೇ ಬಿದಿರೇಣಿ ಕೊಟ್ಟ.

"ಕಣ್ಣು ಬುಡದ ಮೇಲೆ ಇರ್ಲಿ. ತುದಿ ಅದರ ಪಾಡಿಗೆ ಅದು ಬರ್ತದೆ. ಗಿಡದ ಒಂದೆಲೆ ಅಲ್ಲಾಡಬಾರದು."

"ಕೈ ಸೋತ್ರೆ?"

"ಸೋತ್ರೂ ಬಿಡಂಗಿಲ್ಲ. ಏಣಿ ಬಿಟ್ಟೋನು ಗಂಡಸೇ ಅಲ್ಲ. ಹೆಜ್ಜೇನು ಎದ್ರೆ ಮಾತ್ರ ಬಿಡು. ಆಗ ಏಣಿ ಅಲ್ಲ, ಪಂಚೆನೂ ಬಿಟ್ಟು ಓಡು."

ಗಂಗಾಮಣಿ ಜಗಲಿ ಮೇಲೆ ಅಕ್ಕಿ ಆರಿಸ್ತಾ ಜೋರಾಗಿ ನಕ್ಕಳು. ಮಗ ಒಂದು ಕೊಡಪಾನಕ್ಕೂ ತಾಗಿಸ್ದೆ ಅಂಗಳದ ಆ ತುದಿ ಮುಟ್ಟಿದಾಗ ಅವಳಿಗೆ ಎದೆ ಉಬ್ಬಿದ್ದೂ ನಿಜ. ಇದನ್ನ ಅವಳೇ ಆಮೇಲೆ ಒಪ್ಕೊಂಡಳು.

ಮಾರನೇ ದಿನ ಮೂವರೂ ಎಸ್ಟೇಟಿಗೆ ಹೋದ್ರು, ಸುನಿಲನೂ ಜೊತೆಗೆ. ಆಲ್ಬನ್ ಒಳ್ಳೆ ಮನುಷ್ಯ. ಅವರ ತಾತ ಮಂಗಳೂರು ಕಡೆಯಿಂದ ಬಂದು ಈ ಗುಡ್ಡದಲ್ಲಿ ತೋಟ ಮಾಡಿದ್ದು, ಇವರು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಹುಡುಗನ್ನ ಮೇಲಿಂದ ಕೆಳಗೆ ನೋಡಿ ಕೇಳಿದ್ರು.

"ವಯಸ್ಸು ಎಷ್ಟು ಮಾರಾಯ? ಹದಿನೆಂಟು ಆಗದೆ ಏಣಿ ಮುಟ್ಟಲಿಕ್ಕೆ ಬಿಡುವುದಿಲ್ಲ ನಾನು."

"ತುಂಬೈತೆ ಸಾರ್," ಅಂದ ರಂಗಸ್ವಾಮಿ, ಕಣ್ಣೂ ಮಿಟುಕಿಸ್ದೆ.

ಆಲ್ಬನ್ ಗಂಗಾಮಣಿ ಕಡೆ ತಿರುಗಿದ್ರು. "ಹೌದಾ ಅಮ್ಮ?"

ಪ್ರಜ್ವಲ್ ಅವಳನ್ನೇ ನೋಡ್ತಿದ್ದ. ಅವಳು ತಲೆ ಆಡಿಸಿದ್ಲು. ಸುನಿಲ್‌ಕುಮಾರ್ ಪ್ರಜ್ವಲನ ಜೊತೆಗಾರ, ಒಂದೇ ಬೆಂಚು. ಅವನೂ "ನಂಗೂ ತುಂಬೈತೆ ಸಾರ್" ಅಂದ. ಅವನನ್ನ ಯಾರೂ ಎರಡನೇ ಸಲ ಕೇಳ್ಲೂ ಇಲ್ಲ.

ಹತ್ತು ದಿನ ಚೆನ್ನಾಗೇ ಹೋಯ್ತು. ಹುಡುಗ ಸಂಜೆ ಬಂದು ಕೈ ತೋರಿಸೋನು, ಅಂಗೈ ತುಂಬ ಗೀರು, ಮೈಯೆಲ್ಲ ಹಸಿ ಮೆಣಸಿನ ಘಾಟು. ಆಮೇಲೆ ಹೂಮಳೆ ಬಿತ್ತು. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಬಿಡ್ತದೆ, ಹೂ ಬಿಟ್ಟಾಗ ತೋಟದೊಳಗೆ ಯಾರೂ ಕಾಲಿಡಂಗಿಲ್ಲ, ಉದುರಿಬಿಡ್ತದೆ ಅಂತ. ಅಷ್ಟರೊಳಗೆ ಮೆಣಸು ಮುಗೀಲೇಬೇಕು. ಮೇಸ್ತ್ರಿ ಪ್ರತಾಪ್ ಅವಸರ ಹಚ್ಚಿದ. ಅವಸರ ಜಾಸ್ತಿ, ಜೊತೆಗೆ ಮೊಗ್ಗು ಕಟ್ಟಿದ ಗಿಡ ಮುರೀಬಾರದು ಅನ್ನೋ ಭಯವೂ ಜಾಸ್ತಿ. ಏಣಿ ಮಲಗಿಸೋ ಮಾತೇ ಇಲ್ಲ.

ಈಗ ಆ ದಿನಕ್ಕೆ ಬರೋಣ.

ಬೆಳಿಗ್ಗೆ ಹತ್ತೂವರೆ ಇರ್ಬೇಕು. ಗಂಗಾಮಣಿ ಸಾಂಬಾರಿಗೆ ಒಗ್ಗರಣೆ ಹಾಕ್ತಿದ್ಲು. ಕರೆಂಟಿನ ಬಾಲು ಬೈಕ್ ನಿಲ್ಲಿಸಿ ನೀರು ಕುಡಿಯೋಕೆ ಅಡುಗೆ ಮನೆ ಬಾಗಿಲಿಗೆ ಬಂದ. ಕಂಬ ಹತ್ತೋ ಹುಡುಗ, ಊರಿಗೆಲ್ಲ ಬೇಕಾದೋನು.

"ಏನಕ್ಕ, ಇವತ್ತು ಬರೀ ಬದನೆಕಾಯಾ?"

"ನಿನ್ ಮದುವೆ ಊಟಕ್ಕೆ ಬೇರೆ ಮಾಡ್ತೀನಿ, ಬಾ. ಎಲ್ಲಿಂದ ಇಷ್ಟ್ ಬೆವರು?"

"ಆಲ್ಬನ್ ಸಾರ್ ತೋಟದ ಮೇಲ್ಗಡೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ವಲ್ಲ. ಅಂತೂ ಎರಡು ವರ್ಷ ಆದ್ಮೇಲೆ ಬೆಳಿಗ್ಗೆ ತಂತಿಗೆ ಕರೆಂಟ್ ಬಿಟ್ವಿ. ಹನ್ನೊಂದು ಸಾವಿರ ವೋಲ್ಟು."

ಗಂಗಾಮಣಿ ಕೈಯಲ್ಲಿ ಒಗ್ಗರಣೆ ಸೌಟು ಹಂಗೇ ನಿಂತ್ಕೊಂತು.

"ಯಾವ ತಂತಿ?"

"ಅದೇ ಅಕ್ಕ, ಕಣದ ಹಿಂದೆ ಸಿಲ್ವರ್ ಸಾಲಲ್ಲಿ ಹೋಗೋದು."

ಆ ತಂತಿ ಅವಳಿಗೆ ಗೊತ್ತು. ಊರಿಗೆಲ್ಲ ಗೊತ್ತು. ಎರಡು ವರ್ಷ ಹಿಂದೆ ಕಂಬ ನೆಟ್ಟು ತಂತಿ ಎಳೆದು ಹೋದೋರು ಕರೆಂಟ್ ಕೊಟ್ಟಿರಲೇ ಇಲ್ಲ. ಸತ್ತ ತಂತಿ ಅಂತಲೇ ಅದರ ಹೆಸರು. ಕಾಫಿ ಹಣ್ಣು ಕೊಯ್ಯೋಕೆ ಹೋದ ಹೆಂಗಸರು ಆ ಕಂಬಕ್ಕೆ ಬುತ್ತಿ ಚೀಲ ನೇತಾಕ್ತಿದ್ರು, ಇವಳೂ ಹಾಕಿದ್ಲು. ಏಣಿ ತುದಿ ಅದಕ್ಕೆ ತಾಗಿ ಟಣ್ ಅಂದ್ರೆ ಹುಡುಗರು ನಗ್ತಿದ್ರು. ಮೊನ್ನೆ ತಾನೇ ಪ್ರಜ್ವಲ್ ಊಟದ ಹೊತ್ತಲ್ಲಿ ಅಂದಿದ್ದ, "ನಾಳಿದ್ದಿಂದ ಕಣದ ಹಿಂದಿನ ಸಾಲು ಅಮ್ಮ, ಅಲ್ಲಿ ಬಳ್ಳಿ ಭಾರಿ ಹಿಡಿದೈತೆ."

ನಾಳಿದ್ದು ಅಂದ್ರೆ ಇವತ್ತು.

"ಬಾಲು, ಮೆಣಸು ಕೊಯ್ಯೋರಿಗೆ ಯಾರು ಹೇಳಿದ್ರು?"

"ಸಾರ್‌ಗೆ ನಿನ್ನೇನೇ ಹೇಳಿದೀವಿ. ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀನಿ ಅಂದ್ರು."

"ಗ್ರೂಪಾ? ಆ ಹಳ್ಳದಲ್ಲಿ ಎಲ್ಲೈತೋ ಸಿಗ್ನಲ್ಲು!"

ಬಾಲು ಮುಖ ಬಿಳುಚಿಕೊಂತು. ಅವನೂ ಅದೇ ಊರಿನೋನಲ್ವಾ, ಏಣಿ ಹೆಂಗೆ ನಡೆಸ್ತಾರೆ ಅಂತ ಅವನಿಗೆ ಬಿಡಿಸಿ ಹೇಳ್ಬೇಕಾ? ಲೋಟ ಅಲ್ಲೇ ಬಿಟ್ಟು ಫೋನ್ ತೆಗೆದ. ಕರೆಂಟ್ ಸ್ಟೇಷನ್ನಿಗೆ ಹಚ್ಚಿದ್ರೆ ಎಂಗೇಜು. ಇನ್ನೊಂದ್ಸಲ, ಎಂಗೇಜು. ಗಂಗಾಮಣಿ ಮಗನಿಗೆ ಹಚ್ಚಿದ್ಲು, ಸಿಗ್ನಲ್ ಇಲ್ಲ. ಪ್ರತಾಪನಿಗೆ ಹಚ್ಚಿದ್ರೆ ಅದೇ ಪಾಡು. ಆಲ್ಬನ್ ಸಾರ್ ಫೋನು ರಿಂಗಾಗಿ ರಿಂಗಾಗಿ ನಿಂತೋಯ್ತು. ಆಲೂರಿಗೆ ಗೊಬ್ಬರ ತರೋಕೆ ಹೋಗಿದ್ದ ಗಂಡನಿಗೆ ಹಚ್ಚಿದ್ಲು, ಅವನು ಎತ್ತಿದ.

"ರೀ, ಕಣದ ಹಿಂದಿನ ತಂತಿಗೆ ಕರೆಂಟ್ ಬಿಟ್ಟವ್ರಂತೆ!"

"ಯಾವನ್ ಹೇಳ್ದ? ಅದು ಸತ್ತ ತಂತಿ ಕಣೆ."

"ಬಿಟ್ಟೋನೇ ಇಲ್ಲಿ ನಿಂತವ್ನೆ!"

ಆ ಕಡೆ ಗೊಬ್ಬರದ ಮೂಟೆ ದಪ್ ಅಂತ ಬಿದ್ದ ಸದ್ದು. ಆಮೇಲೆ, "ಬಂದೆ" ಅಂದ. ಆದ್ರೆ ಆಲೂರಿಂದ ಬರೋದು ಅಂದ್ರೆ ಎಷ್ಟೊತ್ತು?

ಗಂಗಾಮಣಿ ಸಹಾಯಕಿಗೆ "ಒಲೆ ನೋಡ್ಕೋ" ಅಂತ ಕೂಗಿ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬಾಲು ಬೈಕಿನ ಹಿಂದೆ ಕೂತ್ಲು. ಹದಿಮೂರು ವರ್ಷದಲ್ಲಿ ಮಕ್ಕಳಿಗೆ ಬಡಿಸ್ದೆ ಅವಳು ಶಾಲೆ ಬಿಟ್ಟಿದ್ದು ಅವತ್ತೊಂದೇ ದಿನ.

ಮಣ್ಣಿನ ರಸ್ತೆ, ಏರು, ಮಳೆ ಬಿದ್ದು ಕೊರಕಲು. ಬೈಕು ಹಾರ್ತಾ ಇತ್ತು. ಅವಳಿಗೆ ಸುಮ್ನೆ ಕೂತಿರೋಕೆ ಆಗ್ತಿಲ್ಲ, ತಾನೇ ತಳ್ಳೋಳ ಥರ ಮುಂದಕ್ಕೆ ಬಗ್ಗಿ ಬಗ್ಗಿ ಬಾಲು ಬೆನ್ನಿಗೆ ಗುದ್ದುತಿದ್ಲು.

"ಅಕ್ಕ, ಹಿಂಗೆ ಗುದ್ದಿದ್ರೆ ಇಬ್ಬರೂ ಹಳ್ಳಕ್ಕೆ!"

"ಹೋಗೋ, ಹೋಗೋ ಮಾರಾಯ!"

ಎಸ್ಟೇಟ್ ಗೇಟ್ ಹತ್ತಿರ ದಾರಿ ಕವಲಾಗ್ತದೆ. ಎಡಕ್ಕೆ ಹೋದ್ರೆ ಕಂಬದ ಸ್ವಿಚ್ಚು, ಅದರ ಹ್ಯಾಂಡಲ್ ಎಳೆದ್ರೆ ತಂತಿಗೆ ಕರೆಂಟ್ ನಿಲ್ತದೆ. ಬಲಕ್ಕೆ ಕಾಲುದಾರಿ, ಕಣದ ಹಿಂದಿನ ಸಾಲಿಗೆ. ಬಾಲು ಬ್ರೇಕ್ ಹಾಕಿದ.

"ನಾನು ಸ್ವಿಚ್ ಎಳೀತೀನಿ. ನೀನು ಇಳ್ದು ಓಡು. ಎಳೆದ್ನೋ ಇಲ್ವೋ ಅಂತ ನಿಂಗೆ ಗೊತ್ತಾಗಲ್ಲ ಅಕ್ಕ, ಅದಕ್ಕೆ ತಂತಿ ಬದುಕೈತೆ ಅಂತಲೇ ಅಂದ್ಕೋ."

ಓಡಿದ್ಲು. ನಲವತ್ತೊಂದು ವರ್ಷದ ಹೆಂಗಸು, ಹವಾಯಿ ಚಪ್ಪಲಿ. ಒಂದು ಕಾಲಿಂದು ಅಲ್ಲೇ ಕಿತ್ಕೊಂಡು ಹೋಯ್ತು. ಕಾಫಿ ರೆಕ್ಕೆಗಳು ಮುಖಕ್ಕೆ ಬಡೀತಿದ್ವು. ಮೇಲೆ ತಂತಿ ಕಾಣ್ತಿತ್ತು, ಮೂರು ಗೆರೆ, ಏನೂ ಅರಿಯದ ಥರ ಬಿಸಿಲಲ್ಲಿ ಹೊಳೀತಿತ್ತು. ಅದರ ಮೇಲೆ ಎರಡು ವರ್ಷದಿಂದ ಹಬ್ಬಿದ್ದ ಕಾಡುಬಳ್ಳೀನ ಯಾರೋ ಚೊಕ್ಕವಾಗಿ ಕಡಿದು ತೆಗೆದಿದ್ರು. ಅಷ್ಟು ನೋಡಿದ್ರೆ ಸಾಕಿತ್ತು, ಯಾರಿಗಾದ್ರೂ ಅನುಮಾನ ಬರ್ತಿತ್ತು. ಆದ್ರೆ ಏಣಿ ನಡೆಸೋರು ಮೇಲೆ ನೋಡಲ್ಲ. ಕಣ್ಣು ಬುಡದ ಮೇಲೆ ಇರ್ಲಿ ಅಂತ ಕಲಿಸಿರ್ತೀವಲ್ಲ!

ದಿಬ್ಬ ಹತ್ತಿದ್ಲು. ಕಂಡ್ರು.

ಮೂವತ್ತು ಮಾರು ಕೆಳಗೆ ಪ್ರಜ್ವಲ್, ಸುನಿಲ. ಇಬ್ಬರೂ ಏಣಿ ಬುಡ ಎತ್ತಿ ಹಿಡ್ಕೊಂಡು, ನಿಂತ ಏಣೀನ ನಡೆಸ್ಕೊಂಡು ಹೋಗ್ತಾವ್ರೆ. ಪ್ರತಾಪ್ ಆಚೆ ಮರದ ಬುಡದಲ್ಲಿ ಚೀಲ ಕಟ್ತಾವ್ನೆ. ಏಣಿ ತುದಿ ಎಲೆಗಳ ಮೇಲೆ ತೂಗಾಡ್ತಾ ಇತ್ತು. ತುದಿಗೂ ತಂತಿಗೂ ಒಂದು ಮಾರು. ಒಂದು ಹೆಜ್ಜೆ ಇಟ್ರು. ಮುಕ್ಕಾಲು ಮಾರು.

ಗಂಗಾಮಣಿ ಬಾಯಿ ತೆಗೆದ್ಲು. ಆಮೇಲೆ ಮುಚ್ಚಿದ್ಲು.

ಯಾಕೆ ಗೊತ್ತಾ? "ಪ್ರಜ್ವಲಾ" ಅಂತ ಕೂಗಿದ್ರೆ ಹುಡುಗ ತಿರುಗಿ ನೋಡ್ತಾನೆ. ತಿರುಗಿದ್ರೆ ಏಣಿ ವಾಲ್ತದೆ. "ಕರೆಂಟ್" ಅಂದ್ರೆ "ಏನಮ್ಮಾ?" ಅಂತಾನೆ, ಸತ್ತ ತಂತಿ ಅಂತ ನಗ್ತಾನೆ. "ಏಣಿ ಬಿಡ್ರೋ" ಅಂದ್ರೆ ಬಿಡಲ್ಲ, ಇನ್ನೂ ಗಟ್ಟಿಯಾಗಿ ಹಿಡೀತಾನೆ. ಅಂಗಳದಲ್ಲಿ ಅಪ್ಪ ಹೇಳಿಕೊಟ್ಟಿದ್ದು ಅದೇ ತಾನೇ. ಇವಳೂ ಅಲ್ಲೇ ಕೂತು ನಕ್ಕಿದ್ಲು. ಏಣಿ ಬಿಡೋದು ಯಾವಾಗ? ಒಂದೇ ಒಂದು ಸಲ.

"ಹೆಜ್ಜೇನೂ! ಹೆಜ್ಜೇನು ಎದ್ದೈತೆ! ಓಡ್ರೋ! ಕೆಳಕ್ಕೆ ಓಡ್ರೋ!"

ಸೆರಗು ತಲೆ ಮೇಲೆ ಹೊದ್ಕೊಂಡು, ಕೈ ಬೀಸ್ತಾ, ನಿಜವಾಗ್ಲೂ ಜೇನು ಮುತ್ತಿದೋಳ ಥರ ಕಿರುಚಿದ್ಲು.

ಹುಡುಗರು ಅತ್ತ ಇತ್ತ ನೋಡ್ಲೇ ಇಲ್ಲ. ಏಣಿ ಬಿಟ್ರು, ತಲೆ ಮುಚ್ಕೊಂಡು ಇಳಿಜಾರಿಗೆ ಬಿದ್ದೂ ಎದ್ದೂ ಓಡಿದ್ರು. ಪ್ರತಾಪ್ ಚೀಲ ಎಸೆದು ಅವರಿಗಿಂತ ಮುಂದೆ ಓಡಿದ. ಏಣಿ ಒಬ್ಬಂಟಿ ನಿಂತಿತ್ತು, ಒಂದು ಕ್ಷಣ. ಆಮೇಲೆ ನಿಧಾನಕ್ಕೆ, ಕುಡಿದೋನ ಥರ, ವಾಲ್ತು. ತುದಿ ತಂತಿಗೆ ಬಡೀತು. ಟಣ್. ಜಾರ್ತು. ಬರಬರ ಅಂತ ಕಾಫಿ ಗಿಡದ ಮೇಲೆ ಬಿತ್ತು.

ಕಿಡಿ ಇಲ್ಲ. ಹೊಗೆ ಇಲ್ಲ. ಏನೂ ಇಲ್ಲ.

ಗಂಗಾಮಣಿ ಬಾಯಿಂದ ಮೊದಲು ಬಂದ ಮಾತೇನು ಗೊತ್ತಾ? "ಅಯ್ಯೋ, ಗಿಡ!"

ಮೊಗ್ಗು ಕಟ್ಟಿದ್ದ ನಾಲ್ಕು ಗಿಡ ನಡುವಿಗೆ ಸೀಳಿದ್ವು. ಆ ಮಾತು ಆಡಿದ್ದಕ್ಕೆ ಅವಳು ಇವತ್ತಿಗೂ ತನ್ನ ನಾಲಿಗೆನ ಶಪಿಸ್ಕೊಳ್ತಾಳೆ.

ಅಲ್ಲೇ ಕೂತ್ಲು. ಸ್ವಲ್ಪ ಹೊತ್ತಿಗೆ ಮೂವರೂ ಹಳ್ಳದ ಕಡೆಯಿಂದ ತಲೆ ಹೊರಗೆ ಹಾಕಿದ್ರು.

"ಎಲ್ಲಿ ಗಂಗಕ್ಕ ಜೇನು?" ಅಂದ ಪ್ರತಾಪ್.

"ಜೇನು ಇಲ್ಲ. ಆ ತಂತಿಗೆ ಬೆಳಿಗ್ಗೆ ಕರೆಂಟ್ ಬಿಟ್ಟವ್ರೆ. ಹತ್ತಿರ ಹೋಗ್ಬೇಡಿ, ಅಲ್ಲೇ ನಿಲ್ಲಿ!"

ಪ್ರತಾಪ್ ತಂತಿ ನೋಡಿದ, ಏಣಿ ನೋಡಿದ, ಗಿಡ ನೋಡಿದ. "ತಾಗಿತಲ್ಲಕ್ಕ ಈಗ. ಏನಾಯ್ತು? ಟಣ್ ಅಂತು ಅಷ್ಟೇ. ಸತ್ತ ತಂತಿಗೆ ಹೆದರಿ ನಾಲ್ಕು ಗಿಡ ಕೊಂದ್ಬುಟ್ಟಲ್ಲ!"

ಸುನಿಲ ಕಿಸಕ್ ಅಂದ. ಪ್ರಜ್ವಲ್ ನಗ್ಲಿಲ್ಲ. ಅವನ ಮುಖ ಕೆಂಪಗಾಗಿತ್ತು. "ಅಮ್ಮ, ನೀನ್ಯಾಕೆ ಬಂದೆ ಇಲ್ಲಿಗೆ? ನಾನೇನ್ ಒಂದನೇ ಕ್ಲಾಸಾ?"

ಅಷ್ಟರಲ್ಲಿ ಬಾಲು ಏದುಸಿರು ಬಿಡ್ತಾ ಬಂದ. "ಎಳೆದೆ! ಎಳೆದೆ ಅಕ್ಕ! ಯಾರಿಗೂ ಏನೂ ಆಗ್ಲಿಲ್ಲ ತಾನೇ?"

"ಯಾವಾಗ ಎಳೆದೆ?" ಅಂದ್ಲು ಗಂಗಾಮಣಿ.

"ಈಗ. ಹೊಸ ಹ್ಯಾಂಡಲ್, ಬಿಗಿಯಾಗಿತ್ತು, ನೇತಾಡಿ ಎಳೆದೆ."

"ಏಣಿ ಬೀಳೋಕೆ ಮುಂಚೆನಾ, ಆಮೇಲಾ?"

"ಮುಂಚೆನೇ ಇರ್ಬೇಕು. ಇಲ್ಲಾಂದ್ರೆ ಇಲ್ಲಿ ಬೆಂಕಿ ಕಾಣ್ತಿತ್ತು."

"ಎಷ್ಟು ಮುಂಚೆ?"

"ಟೈಮ್ ಯಾರ್ ನೋಡ್ತಾರಕ್ಕ?"

ಅಷ್ಟೇ. ಒಂದು ನಿಮಿಷ ಮುಂಚೆಯೋ, ಅವಳು ಕೂಗಿದಾಗಲೋ, ಕೂಗಿ ಏಣಿ ವಾಲೋ ಆ ಒಂದು ಕ್ಷಣದಲ್ಲೋ, ಯಾರಿಗೂ ಗೊತ್ತಿಲ್ಲ. ಇನ್ನು ಮುಂದೆ ಗೊತ್ತಾಗೋದೂ ಇಲ್ಲ.

ಆಲ್ಬನ್ ಜೀಪು ಬಂತು. ಮಿಸ್ಡ್ ಕಾಲ್ ನೋಡಿ ವಾಪಸ್ ಬಂದಿದ್ರು, ದಾರೀಲಿ ರಂಗಸ್ವಾಮೀನೂ ಹತ್ತಿಸ್ಕೊಂಡಿದ್ರು. ಇಳಿದ ತಕ್ಷಣ ಅವರ ಕಣ್ಣು ಮುರಿದ ಗಿಡಕ್ಕೇ ಹೋಯ್ತು. ಎಲ್ಲರದೂ ಅದೇ ಕಥೆ. ಆಮೇಲೆ ಬಾಲು ಹೇಳಿದ್ದು ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡ್ರು.

"ದೇವರೇ. ನಾನು ಬೆಳಿಗ್ಗೆ ಗ್ರೂಪಿನಲ್ಲಿ ವಾಯ್ಸ್ ಹಾಕಿದ್ದೆ. ನಿನಗೆ ಸಿಗಲಿಲ್ಲವಾ ಪ್ರತಾಪ್?"

ಪ್ರತಾಪ್ ಫೋನ್ ತೋರಿಸಿದ. ಬೆಳಗ್ಗಿಂದ ಒಂದು ಮೆಸೇಜೂ ಬಂದಿರಲಿಲ್ಲ.

"ನನ್ನದೇ ತಪ್ಪು," ಅಂದ್ರು ಆಲ್ಬನ್. ಸುಮ್ನೆ ಬಾಯಿಮಾತಿಗೆ ಅಂದಿದ್ದಲ್ಲ. "ಕೊಯ್ಲು ಮುಗಿಯುವ ತನಕ ಸ್ವಿಚ್ ಎಳೆದೇ ಇರಲಿ ಬಾಲು, ನಾನು ಬರೆದು ಕೊಡ್ತೇನೆ. ಮತ್ತೆ ಪ್ರತಾಪ್, ಇವತ್ತಿನಿಂದ ಏಣಿ ಮಲಗಿಸಿಯೇ ಸಾಗಿಸಬೇಕು. ಗಿಡ ಹೋದರೆ ಹೋಗಲಿ. ಆಯ್ತಾ?"

"ಆಯ್ತು ಸಾರ್."

ಎಲ್ಲಾ ಸರಿಹೋಯ್ತು. ನಿಜವಾಗ್ಲೂ ಸರಿಹೋಗಿತ್ತು. ಕರೆಂಟ್ ಇಲ್ಲ, ಯಜಮಾನ್ರು ಬೈಲಿಲ್ಲ, ಗಿಡಕ್ಕೆ ದಂಡ ಇಲ್ಲ. ಗಂಗಾಮಣಿ ಎದ್ದು, ಒಂದೇ ಚಪ್ಪಲೀಲಿ, ಮನೆಗೆ ಹೋಗಬಹುದಿತ್ತು.

ಅಷ್ಟರಲ್ಲಿ ಪ್ರಜ್ವಲ್, ಸುನಿಲ ಹೋಗಿ ಬಿದ್ದ ಏಣಿ ಎತ್ತಿದ್ರು. ಎತ್ತಿ ನಿಲ್ಲಿಸಿದ್ರು. ಆಲ್ಬನ್ ಇನ್ನೂ ಬಾಲು ಹತ್ರ ಮಾತಾಡ್ತಾನೇ ಇದ್ದಾರೆ, ಇವರು ನಿಂತ ಏಣೀನ ನಿಂತಂಗೇ ನಡೆಸ್ಕೊಂಡು ಮುಂದಿನ ಮರಕ್ಕೆ ಹೊರಟ್ರು. ಬೇಕು ಅಂತ ಮಾಡಿದ್ದಲ್ಲ. ಕೈಗೆ ಅದೇ ಗೊತ್ತಿದ್ದಿದ್ದು. ಒಂದು ಎಲೆನೂ ಅಲ್ಲಾಡ್ಲಿಲ್ಲ.

ರಂಗಸ್ವಾಮಿ ಅದನ್ನ ನೋಡಿ, ಯೋಚನೆನೇ ಮಾಡ್ದೆ, "ಭೇಷ್" ಅಂದ.

ಗಂಗಾಮಣಿಗೆ ಅಲ್ಲಿ ಏನೋ ಆಯ್ತು. ಸುಮ್ನೆ ಇರೋಕೆ ಆಗ್ಲಿಲ್ಲ. ಕೊಯ್ಲು ಮುಗಿದ ಮಾರನೇ ದಿನ ಸ್ವಿಚ್ ಹಾಕ್ತಾರೆ. ನಾಳಿದ್ದು ಇನ್ನೊಂದು ತೋಟ, ಇನ್ನೊಂದು ತಂತಿ. ನಾಲ್ಕು ದಿನಕ್ಕೆ ಹೂ, ಅವಸರ. ಆಗ ಯಾವ ಬಾಲು ನೀರು ಕುಡಿಯೋಕೆ ಬರ್ತಾನೆ?

"ಸಾರ್," ಅಂದ್ಲು. "ನನ್ನ ಮಗನಿಗೆ ಹದಿನೆಂಟು ತುಂಬಿಲ್ಲ. ಹದಿನೇಳು ವರ್ಷ ನಾಲ್ಕು ತಿಂಗಳು."

ಹುಡುಗರು ನಡೆಯೋದು ನಿಲ್ಲಿಸಿದ್ರು. ರಂಗಸ್ವಾಮಿ "ಏನಂದೆ?" ಅಂದ, ಬಹಳ ಮೆಲ್ಲಗೆ.

ಆಲ್ಬನ್ ತಿರುಗಿದ್ರು. "ಅವತ್ತು ನೀನೂ ತಲೆ ಆಡಿಸಿದೆಯಲ್ಲ ಅಮ್ಮ?"

"ಆಡಿಸಿದೆ ಸಾರ್. ಸುಳ್ಳಿಗೆ ಆಡಿಸಿದೆ."

"ಈ ಇನ್ನೊಬ್ಬನಿಗೆ?"

ಸುನಿಲ ಅವಳನ್ನೇ ನೋಡಿದ. ಚಿಕ್ಕಂದಿನಿಂದ ಅವನು ಇವಳನ್ನ ಅತ್ತೆ ಅಂತಲೇ ಕರೆಯೋದು. "ಅತ್ತೆ, ಬೇಡ," ಅಂದ. ಡಿಗ್ರಿ ಸೇರೋಕೆ ಅವನು ದುಡೀತಿದ್ದ. ಅಪ್ಪ ಇಲ್ಲ, ಅವ್ವನಿಗೆ ಮಂಡಿನೋವು, ಗುಡ್ಡ ಹತ್ತಿ ಕೂಲಿಗೆ ಹೋಗೋಕೆ ಆಗಲ್ಲ. ಇದೆಲ್ಲ ಗಂಗಾಮಣಿಗೆ ಗೊತ್ತಿಲ್ವಾ? ಗೊತ್ತು. ಒಂದನೇ ಕ್ಲಾಸಲ್ಲಿ ಅವನೂ ಪ್ರಜ್ವಲನೂ ಒಂದೇ ಸಾಲಲ್ಲಿ ಕೂತು ಉಂಡಿದ್ದು, ಸಾರು ಬೇಡ ಅಂತ ಅತ್ತಿದ್ದೂ ಗೊತ್ತು. ಅವನ ವಯಸ್ಸು ಅವಳಿಗೆ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ?

"ಅವನು ಇವನಿಗಿಂತ ಎರಡು ತಿಂಗಳು ಚಿಕ್ಕೋನು ಸಾರ್. ಇಬ್ಬರಿಗೂ ನಾನೇ ಬಡಿಸಿದ್ದು."

ಸುನಿಲ ಏಣಿ ಮಲಗಿಸಿದ. ನಿಧಾನಕ್ಕೆ, ಎರಡು ಗಿಡದ ನಡುವೆ. ಆಮೇಲೆ ಯಾರ ಮುಖಾನೂ ನೋಡ್ದೆ ಬುತ್ತಿ ಚೀಲ ತಗೊಂಡು ಇಳಿದು ಹೋದ.

ಆಲ್ಬನ್ ಕೂಗಿ ಹೇಳಿದ್ರು, "ಮಾರಾಯ, ಕಣದಲ್ಲಿ ಮೆಣಸು ಒಣಗಿಸುವ ಕೆಲಸ ಉಂಟು, ನೆಲದ ಮೇಲೆ, ಇಬ್ಬರೂ ಬನ್ನಿ!" ಅವನು ತಿರುಗ್ಲಿಲ್ಲ.

ಆ ಸಂಜೆ ರಂಗಸ್ವಾಮಿ ಮನೇಲಿ ಕೂರಲಿಲ್ಲ, ನಿಲ್ಲಲಿಲ್ಲ. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದ.

"ಯಜಮಾನ್ರ ಮುಂದೆ ನನ್ನ ಸುಳ್ಳುಗಾರ ಮಾಡ್ದೆ ಕಣೆ."

"ನಾನು ಮಾಡ್ಲಿಲ್ಲ. ಸುಳ್ಳು ಹೇಳಿದ್ರಿ, ಅದಕ್ಕೇ ಆದ್ರಿ. ನಾನೂ ಆದೆ."

"ಏನೂ ಆಗಿರಲಿಲ್ಲವಲ್ಲೇ!"

"ಅದೇ ನನ್ನ ಹೆದರಿಕೆ. ಏನೂ ಆಗಿರಲಿಲ್ಲ ಅಂತ ನಾಳೆ ಮತ್ತೆ ಕಳಿಸ್ತಿದ್ರಿ."

ಅವನು ಹಳೇ ಬಿದಿರೇಣೀನ ಎತ್ಕೊಂಡು ಹೋಗಿ ದನದ ಕೊಟ್ಟಿಗೆ ಅಟ್ಟಕ್ಕೆ ಏರಿಸಿಬಿಟ್ಟ. ಕೋಪಕ್ಕೋ, ಇನ್ನೇನಕ್ಕೋ, ಅವಳು ಕೇಳ್ಲಿಲ್ಲ.

ಪ್ರಜ್ವಲ್ ನಾಲ್ಕು ದಿನ ಅಮ್ಮನ ಜೊತೆ ಮಾತಾಡ್ಲಿಲ್ಲ. ಅಷ್ಟರಲ್ಲಿ ಹೂ ಬಿಡ್ತು, ಗುಡ್ಡ ಪೂರ್ತಿ ಬೆಳ್ಳಗಾಯ್ತು, ಘಮ ಮನೆಯೊಳಗೂ ಬಂತು. ಐದನೇ ದಿನ ಬೆಳಿಗ್ಗೆ ಅವನೇ ಎದ್ದು "ಕಣಕ್ಕೆ ಹೋಗ್ತೀನಿ, ಬುತ್ತಿ ಕಟ್ಟು" ಅಂದ. ಅಲ್ಲಿ ಹೆಂಗಸರ ಜೊತೆ ಕೂತು ಮೆಣಸು ಕೆದಕ್ತಾನೆ ಅಂತ ಜೊತೆ ಹುಡುಗರು ಬಳೆ ತೊಡಿಸೋ ಮಾತಾಡ್ತಾರೆ. ಅವನು ಹಲ್ಲು ಕಚ್ಕೊಂಡು ಹೋಗ್ತಾನೆ. ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು.

ಸುನಿಲ ಕಣಕ್ಕೆ ಬರ್ಲಿಲ್ಲ. ವನಗೂರು ಕಡೆ ಯಾವುದೋ ಎಸ್ಟೇಟಿಗೆ ಹೋಗ್ಬುಟ್ಟ. ಅಲ್ಲಿ ಇನ್ನೂ ಕೊಯ್ಲು ನಡೀತೈತೆ, ಜೀಪೇ ತಿಣುಕೋ ಕಡಿದಾದ ಜಾಗ, ಯಾರೂ ವಯಸ್ಸು ಕೇಳಲ್ಲ. ಕಣದ ಕೂಲಿಗಿಂತ ಜಾಸ್ತಿನೂ ಸಿಗ್ತದೆ. ಅಲ್ಲಿ ತಂತಿ ಎಲ್ಲೆಲ್ಲಿ ಹೋಗ್ತದೆ, ಯಾವುದು ಬದುಕೈತೆ, ಗಂಗಾಮಣಿಗೆ ಏನ್ ಗೊತ್ತು?

ಸುನಿಲನ ಅವ್ವ ನಲ್ಲಿ ಹತ್ರ ಸಿಕ್ಕಿದ್ಲು. ಬೈಲಿಲ್ಲ, ಕೂಗಾಡ್ಲಿಲ್ಲ. ಕೊಡ ತುಂಬಿಸಿ, ಸೊಂಟಕ್ಕೆ ಏರಿಸ್ಕೊಂಡು ಹೇಳಿದ್ಲು.

"ನಿನ್ನ ಮಗನ ವಯಸ್ಸು ಹೇಳೋ ಹಕ್ಕು ನಿಂಗೈತೆ ಗಂಗಾ. ನನ್ನ ಮಗನ ವಯಸ್ಸು ಯಾಕೆ ಹೇಳ್ದೆ? ಇಲ್ಲಿ ಇದ್ದಿದ್ರೆ ತಂತಿಗೆ ಕರೆಂಟ್ ಇರಲಿಲ್ಲ, ಏಣಿ ಮಲಗಿಸಿ ಅಂತ ಹೇಳೋ ಯಜಮಾನ್ರಾದ್ರೂ ಇದ್ರು. ಅಲ್ಲಿ ಯಾರವ್ರೆ?"

ಗಂಗಾಮಣಿ ಕೊಡ ಉಕ್ಕಿ ಹರೀತಿತ್ತು. ನಲ್ಲಿ ನಿಲ್ಲಿಸೋದೂ ಅವಳಿಗೆ ಹೊಳೀಲಿಲ್ಲ.

ಈಗ ದಿನಾ ಬೆಳಿಗ್ಗೆ, ಒಲೆ ಹಚ್ಚೋಕೆ ಮುಂಚೆ, ಅವಳು ಸುನಿಲನಿಗೆ ಫೋನ್ ಹಚ್ತಾಳೆ. ಅವನು ಎತ್ತಲ್ಲ. ಆಮೇಲೆ ವಾಟ್ಸಾಪಲ್ಲಿ ಒಂದೇ ಮಾತು ವಾಯ್ಸ್ ಹಾಕ್ತಾಳೆ: "ಮಗಾ, ಮೇಲೆ ನೋಡ್ಕೊಂಡು ನಡೆಸೋ." ಕೆಲವು ಸಲ ಸಂಜೆ ತನಕ ಒಂದೇ ಟಿಕ್ಕು. ಎರಡನೇ ಟಿಕ್ಕು ಬೀಳೋ ತನಕ ಅವಳು ಅಡುಗೆ ಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆ ಮನೆಗೆ, ಸೌಟು ಕೈಯಲ್ಲೇ ಇಟ್ಕೊಂಡು ತಿರುಗ್ತಾನೇ ಇರ್ತಾಳೆ.

ಅರ್ಧದಲ್ಲಿ ಏಳ್ಬೇಡಿ ಅಂದಿದ್ದೆ, ಪೂರ್ತಿ ಕೇಳಿದ್ರಿ. ಈಗ ಹೇಳಿ. ಆಲ್ಬನ್ ಸಾರ್ "ಈ ಇನ್ನೊಬ್ಬನಿಗೆ?" ಅಂತ ಕೇಳಿದಾಗ, ಆ ಹುಡುಗ "ಅತ್ತೆ, ಬೇಡ" ಅಂತ ನಿಮ್ಮನ್ನೇ ನೋಡ್ತಾ ನಿಂತಿದ್ದಾಗ, ಗಂಗಾಮಣಿ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?